ಕುರಿಗೆ ಒಪ್ಪದ ಬೂಟು

ಘೋಡಗೇರಿಯ ಕುರುಬರ ಬೀರಸಿದ್ದಪ್ಪ ಗೋಕಾಕದ ನಮ್ಮ ಅಂಗಡಿಗೆ ಬರುವಾಗ ಮೊದಲು ಅವನ ಜೋಡಿನ ಸದ್ದು ಬರುತ್ತಿತ್ತು, ಆಮೇಲೆ ಅವನು. ದಪ್ಪ ಚರ್ಮದ ಜೋಡು. ಅಟ್ಟೆಯ ಪದರಗಳ ನಡುವೆ ಒಣ ಬೀಜ ಇಟ್ಟು ಹೊಲಿದದ್ದರಿಂದ ಹೆಜ್ಜೆಗೊಮ್ಮೆ ಕರ್ರ್ ಎನ್ನುತ್ತಿತ್ತು. ಅಂಥದ್ದು ಮೆಟ್ಟುವವನಿಗೆ ಮಾರಲು ನನ್ನ ಹತ್ತಿರ ಏನೂ ಇರಲಿಲ್ಲ. ನಾವು ಜೈನರು. ಅಂಗಡಿಯಲ್ಲಿ ರಬ್ಬರು, ರೆಕ್ಸಿನ್, ಕ್ಯಾನ್ವಾಸು ಬಿಟ್ಟರೆ ಚರ್ಮದ ಒಂದು ಪಟ್ಟಿಯನ್ನೂ ಇಡುವುದಿಲ್ಲ. ಹೆಂಡತಿ ಮರೆವ್ವನಿಗೆ ರಬ್ಬರ್ ಚಪ್ಪಲಿ ಒಯ್ಯುವ ನೆಪದಲ್ಲಿ ಅವನು ಬರುತ್ತಿದ್ದದ್ದು ನಮ್ಮ ಫ್ಯಾನಿನ ಕೆಳಗೆ ಕೂಡುವುದಕ್ಕೆ.

೨೦೦೫ರ ಮಳೆಗಾಲ ಶುರುವಾಗುವ ಹೊತ್ತಿಗೆ ಮಾತ್ರ ಬಂದವನು ಫ್ಯಾನಿನ ಕಡೆ ನೋಡಲೇ ಇಲ್ಲ.

"ಸಾವ್ಕಾರ್ರ, ಹಗೂರ ಇರಬೇಕು, ನೀರ ಒಳಗ ಬರಬಾರ್ದು. ಗುಡ್ಡಕ್ಕೂ ನಡೀಬೇಕು, ಬೀಗರ ಮನಿಗೂ ನಡೀಬೇಕು. ಅಂಥಾ ಬೂಟ ಐತೇನ್ರಿ?"

"ಅಂಥಾ ಅಳಿಯಾನೂ ಸಿಗೂದಿಲ್ಲ ಕಾಕಾ, ನೀವು ಬೂಟ ಕೇಳ್ತೀರಲ್ರಿ."

ನಗಲಿಲ್ಲ. ಧೋತರ ಸರಿಸಿ ಬಲಗಾಲಿನ ಮೊಣಕಾಲು ತೋರಿಸಿದ. ಬಾತಿತ್ತು. ಚರ್ಮದ ಜೋಡು ಮಳೆಯಲ್ಲಿ ನೀರು ಕುಡಿದರೆ ಕಾಲಿಗೆ ಬೀಸುಕಲ್ಲು ಕಟ್ಟಿದ ಹಾಗೆ. ಹೋದ ವರ್ಷ ಹುಕ್ಕೇರಿ ಕಡೆ ಕುರಿ ಹೊಡೆದುಕೊಂಡು ಹೋಗುವಾಗ ನಡುದಾರಿಯಲ್ಲಿ ಕುಸಿದು ಕುಳಿತಿದ್ದನಂತೆ. ಈ ಮಳೆಗಾಲವೂ ನಡೆಯಲಾಗದಿದ್ದರೆ ಮೂಡಲಗಿ ಹತ್ತಿರ ಇರುವ ತಮ್ಮ ಸಾತಪ್ಪ ಕುರಿಗಳನ್ನೆಲ್ಲ ತನ್ನ ಹಿಂಡಿಗೆ ಸೇರಿಸಿಕೊಳ್ಳುವುದೆಂದು ಮನೆಯಲ್ಲಿ ಮಾತಾಗಿತ್ತು. ತಮ್ಮ ಅದನ್ನು ಪ್ರೀತಿಯಿಂದಲೇ ಹೇಳಿದ್ದ. ಅದೇ ಇವನಿಗೆ ಹೆಚ್ಚು ಉರಿದದ್ದು.

"ಕುರಿ ಕೊಟ್ಟ ಕಟ್ಟಿ ಮ್ಯಾಲ ಕುಂತ ನಾ ಏನ ಕಾಯ್ಲ್ರಿ, ಕಾಗೀನ?"

ಮೊದಲು ಕ್ಯಾನ್ವಾಸ್ ಬೂಟು ಕೊಟ್ಟೆ. ಅಂಗೈ ಮೇಲೆ ಇಟ್ಟುಕೊಂಡು ತೂಗಿದ, ಹಗುರಕ್ಕೆ ತಲೆದೂಗಿದ. ಕುಡಿಯಲು ಕೊಟ್ಟ ನೀರನ್ನು ಅದರ ಮೇಲೇ ಸುರುವಿದ. "ಇದು ನನಗಿಂತ ಹೆಚ್ಚ ಕುಡೀತೈತ್ರಿ," ಎಂದು ಬದಿಗಿಟ್ಟ. ಗಂಬೂಟು ಹಾಕಿಸಿದೆ. ಬಾಗಿಲತನಕ ಹೋಗಿಬಂದ, ಮೀನಗಂಡಕ್ಕೆ ಅದು ಪಟಾರ್ ಪಟಾರ್ ಬಡಿಯುತ್ತಿತ್ತು. "ಹೊರಗಿನ ನೀರ ಬರೂದಿಲ್ಲ ಖರೆ, ಒಳಗಿನ ಬೆವರ ಎಲ್ಲಿ ಹೋಗಬೇಕ್ರಿ?" ಎಂದ. ಇಪ್ಪತ್ತು ವರ್ಷ ಗಂಬೂಟು ಮಾರಿದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ, ಹೊಳೆದಿದ್ದರೆ ಮಾರುತ್ತಲೂ ಇರಲಿಲ್ಲ.

ಕೊನೆಗೆ ಗಾಜಿನ ಕಪಾಟಿನಿಂದ ಎರಡು ಜೊತೆ ಇಳಿಸಿದೆ. ಹವ್ಯಾಸಕ್ಕೆ ಗುಡ್ಡ ಹತ್ತುವವರ ಬೂಟು. ಕೊಲ್ಹಾಪುರದ ದೊಡ್ಡ ವ್ಯಾಪಾರಿ ಬೇರೆ ಮಾಲಿನ ಜೊತೆ ನನ್ನ ಕೊರಳಿಗೆ ಕಟ್ಟಿದ್ದ. ಮೇಲೆ ಬಟ್ಟೆಯಂತಿದ್ದರೂ ಒಳಗೆ ನೀರು ತಡೆದು ಬೆವರು ಹೊರಬಿಡುವ ಪದರ. ಬೀರಸಿದ್ದಪ್ಪ ಒಂದರೊಳಗೆ ನೀರು ತುಂಬಿ ಮೇಲೆತ್ತಿ ಹಿಡಿದು ಕೆಳಗಿನಿಂದ ನೋಡಿದ. ಒಂದು ಹನಿಯೂ ಜಿನುಗಲಿಲ್ಲ. ಕೆಚ್ಚಲು ನೋಡುವ ಹಾಗೆ ಹೊಲಿಗೆಯನ್ನೆಲ್ಲ ಒತ್ತಿ ನೋಡಿದ. ಆಮೇಲೆ ಅಟ್ಟೆ ತಿರುವಿ ಆಳವಾದ ಗೆರೆಗಳಲ್ಲಿ ಬೆರಳಿಟ್ಟ.

"ಟ್ರ್ಯಾಕ್ಟರ್ ಗಾಲಿಯಂಥಾ ಹಲ್ಲ ಅದಾವಲ್ರಿ. ಎರಿ ಮಣ್ಣಿನ ಹೊಲದಾಗ ಕಾಲಿಟ್ರ ಅರ್ಧಾ ಹೊಲಾ ಎತಗೊಂಡ ಮನಿಗೆ ಬರ್ತೇನಿ. ಹೊಲದಾವ ಜಗಳಕ್ಕ ಬರ್ತಾನ."

ಇನ್ನೊಂದು ಜೊತೆಯ ಗೆರೆಗಳು ತೆಳುವಾಗಿದ್ದವು. ಅದನ್ನು ಒಂದು ಕೈಯಲ್ಲಿ, ತನ್ನ ಜೋಡನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಚೌಕಾಶಿ ಮಾಡುವುದನ್ನು ಮರೆತು ಕೇಳಿದಷ್ಟು ಎಣಿಸಿ ಕೊಟ್ಟ. ಜ್ಞಾಪಿಸುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ನಾಲ್ಕು ದಿನಕ್ಕೆ ತಿರುಗಿ ಬಂದ. ಬಂದು ಎದುರಿಗೆ ನಿಂತಾಗಲೇ ನನಗೆ ಗೊತ್ತಾದದ್ದು. ಬೂಟಿಗೆ ಸದ್ದೇ ಇಲ್ಲ.

"ಕುರಿ ಬರವಲ್ಲವು," ಎಂದ.

ಬೂಟು ಕಚ್ಚುತ್ತದೆ, ಅಂಟು ಬಿಡುತ್ತದೆ, ಬಣ್ಣ ಹೋಗುತ್ತದೆ ಎಂಬ ತಕರಾರು ಕೇಳಿದ್ದೆ. ಕುರಿಗೆ ಸೇರಲಿಲ್ಲ ಎನ್ನುವುದು ಅದೇ ಮೊದಲು. ಇವನು ಮುಂದೆ ನಡೆದರೆ ಒಂದೂ ಹಿಂದೆ ಬರುವುದಿಲ್ಲವಂತೆ. ಸಾಕಿದ ನಾಯಿಯೇ ಬೊಗಳುತ್ತದಂತೆ. ರಬ್ಬರಿನ ವಾಸನೆಗೆ ಹೀಗಾಗಿದೆ ಎಂದು ಅವನ ತರ್ಕ. ಸದ್ದಿಲ್ಲದ್ದಕ್ಕೆ ಎಂದು ನನ್ನದು.

"ಹಂಗಾರ ಇದರ ಅಟ್ಟಿಯೊಳಗೂ ಬೀಜಾ ಇಟ್ಟ ಕೊಡ್ರಿ."

"ಬೀಜಾ ಇಡಾಕ ಅಟ್ಟಿ ಸೀಳಬೇಕು ಕಾಕಾ. ಸೀಳಿದ್ರ ನೀರ ಒಳಗ ಬರ್ತೈತಿ."

ಬೂಟು ಬಿಚ್ಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟ. ನಾನು ತಿರುಗಿ ಅವನ ಕೈಗೇ ಕೊಟ್ಟೆ. ಮಾರಿದ ಮಾಲು ವಾಪಸು ಬರಬಾರದು ಎನ್ನುವುದು ಒಂದು ಕಾರಣ. ಕುರಿ ಮೂಗು ನಂಬುತ್ತದೋ ಕಿವಿ ನಂಬುತ್ತದೋ ತಿಳಿಯದೆ ನನಗೂ ನಿದ್ದೆ ಬರುವಂತಿರಲಿಲ್ಲ. ಮರುದಿನ ಅಂಗಡಿ ಮುಚ್ಚಿ ಘೋಡಗೇರಿ ಬಸ್ಸು ಹತ್ತಿದೆ.

ಹೊಲದಲ್ಲಿ ಜಿಟಿಜಿಟಿ ಮಳೆ. ಬೀರಸಿದ್ದಪ್ಪ ಹೊಸ ಬೂಟಿನಲ್ಲಿ ಹಿಂಡಿನ ಮುಂದೆ ನಡೆದ. ಕುರಿಗಳು ಮೇಯುತ್ತಲೇ ಇದ್ದವು. "ಹುರ್ರ್" ಎಂದು ಕರೆದ. ಒಂದು ಮರಿ ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

"ಬ್ಯಾರೇದವರು ಆ ಜೋಡ ಹಾಕ್ಕೊಂಡ ನಡದ್ರ ಗೊತ್ತಾಗ್ತೈತಿ," ಎಂದೆ.

ಅವನು ಜೋಡು ತಂದು ನನ್ನ ಮುಂದೆಯೇ ಇಟ್ಟ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಇದೊಂದ ನನ್ನ ಕಡಿಂದ ಆಗೂದಿಲ್ಲ ಕಾಕಾ. ಚರ್ಮಾ ಮೆಟ್ಟಿದ್ದ ತಿಳಿದ್ರ ನಮ್ಮವ್ವ ಮನಿಯೊಳಗ ಕರಕೊಳ್ಳೂದಿಲ್ಲ."

ಕಂಬಳಿ ಕೊಡವುತ್ತಿದ್ದ ಮರೆವ್ವ ಎದ್ದು ಬಂದಳು. "ಸರೀರಿ ಇಬ್ರೂ. ಒಂದ ಜೋಡ ಹಾಕ್ಕೊಳ್ಳಾಕ ಮುಹೂರ್ತಾ ನೋಡಾಕತ್ತಾರ ಗಂಡಸರು." ಬೆರಳ ಕಡೆ ಚಿಂದಿ ತುರುಕಿ ಕಾಲು ತೂರಿಸಿದಳು.

"ಭಾರ ಆಗೂದಿಲ್ಲೇನ ಕಾಕೂ?"

"ತಲಿ ಮ್ಯಾಲ ಎರಡ ಕೊಡಾ ಹೊತ್ತಾಕಿಗಿ ಕಾಲಾಗಿಂದ ಏನ ಭಾರ ತಮ್ಮಾ?"

ನಡೆದಳು. ಕರ್ರ್, ಕರ್ರ್. ದೊಡ್ಡ ಟಗರು ತಲೆಯೆತ್ತಿತು. ಅದು ಹೊರಟಿತು, ಅದರ ಹಿಂದೆ ಇಡೀ ಹಿಂಡು ಹೊರಟಿತು. ನಾಯಿ ಬಾಲ ಅಲ್ಲಾಡಿಸುತ್ತ ಪಕ್ಕದಲ್ಲಿ ಓಡಿತು. ನನ್ನ ತರ್ಕ ಗೆದ್ದಿತ್ತು. ಆದರೆ ಬೀರಸಿದ್ದಪ್ಪನ ಮುಖ ನೋಡಿ ಹಾಗೆನ್ನುವ ಧೈರ್ಯ ಬರಲಿಲ್ಲ. ತನ್ನನ್ನು ನೋಡಿ ಕುರಿಗಳು ಬರುತ್ತವೆ ಎಂದು ನಂಬಿ ಆಯುಷ್ಯ ಕಳೆದವನು, ತನ್ನ ಜೋಡಿನ ಹಿಂದೆ ಅವು ಹೋಗುವುದನ್ನು ನೋಡುತ್ತ ನಿಂತಿದ್ದ.

ಆಚೆ ಬದುವಿನಿಂದ ಮರೆವ್ವ ಕೂಗಿದಳು: "ಏನ್ರೀ, ಇಷ್ಟ ವರ್ಷ ಕುರೀನೂ ನಿಮ್ಮ ಹಿಂದ, ನಾನೂ ನಿಮ್ಮ ಹಿಂದ. ಇನ್ನ ಬರ್ರಿ ನಮ್ಮ ಹಿಂದ!"

ಬೀರಸಿದ್ದಪ್ಪ ಕೋಲು ಎತ್ತಿಕೊಂಡು, ಹಿಂದುಳಿದ ಮರಿಯನ್ನು ಬೂಟಿನ ಮೂತಿಯಿಂದ ಮೆಲ್ಲಗೆ ದೂಡಿ, ಹಿಂಡಿನ ಬೆನ್ನು ಹಿಡಿದ. ಹೆಜ್ಜೆ ಹಗುರಾಗಿತ್ತು. ಕುಂಟುತ್ತಿರಲಿಲ್ಲ.

ಆ ಮಳೆಗಾಲ ಸಾತಪ್ಪ ಕುರಿ ಒಯ್ಯಲು ಬಂದು ಹಾದಿಯಲ್ಲೇ ಎದುರಾದನಂತೆ. "ಹಾದಿ ಬಿಡೋ ಮೈದುನಾ, ಕುರಿ ನಿಂತಾವು," ಎಂದಳಂತೆ ಮರೆವ್ವ. ಅವನು ಬದಿಗೆ ಸರಿದು ನಿಂತ, ಹಿಂಡು ಹಾದುಹೋಯಿತು. ಹಿಂದಿನಿಂದ ಅಣ್ಣ ಬಂದ.

ದೀಪಾವಳಿ ಮುಂದೆ ಬೀರಸಿದ್ದಪ್ಪ ಅಂಗಡಿಗೆ ಬಂದು ಬೂಟು ಕಳಚಿ ಫ್ಯಾನಿನ ಕೆಳಗೆ ಕೂತ. ಹಿಂದೆ ನಡೆಯುವುದು ಹೇಗಿದೆ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಹಿಂದ ನಡದ್ರ ಯಾವ ಕುರಿ ಕುಂಟತೈತಿ ಕಾಣ್ತೈತ್ರಿ ಸಾವ್ಕಾರ್ರ," ಎಂದ. "ನಾ ಮುಂದ ನಡೀವಾಗ ನನ್ನ ಹಿಂಡಿನಾಗ ಒಂದೂ ಕುಂಟತಿದ್ದಿಲ್ಲ."