ಕೆಮ್ಮು ಸಮೇತ ಒಂದು ಸಂದರ್ಶನ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ನನ್ನ ಮೇಲೆ ಅನುಮಾನಪಡುವ ಶ್ರಮ ಉಳಿಯುತ್ತದೆ. ಎಂ.ಎ. ಎರಡನೇ ವರ್ಷದಲ್ಲಿ, ಗಟ್ಟಿಮುಟ್ಟಾಗಿ ಬದುಕಿರುವ ಕಾದಂಬರಿಕಾರರೊಬ್ಬರ ಸಂದರ್ಶನವನ್ನು ನಾನೇ ಕಟ್ಟಿ, ಅವರ ದನಿಯಲ್ಲಿ ನಾನೇ ಉತ್ತರ ಹೇಳಿ, ರೆಕಾರ್ಡ್ ಮಾಡಿ ಕಿರುಪ್ರಬಂಧದ ಅನುಬಂಧಕ್ಕೆ ಸೇರಿಸಿದ್ದೆ.

ಮಿಮಿಕ್ರಿ ನನಗೆ ಅಂಟಿಕೊಂಡ ಕಾಯಿಲೆ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಒಮ್ಮೆ ಕಂಡಕ್ಟರ್ ದನಿಯಲ್ಲಿ ಕೂಗಿ ಆರು ಜನರನ್ನು ತಪ್ಪು ಬಸ್ಸಿಗೆ ಹತ್ತಿಸಿದ್ದೇನೆ. ಕೂಗಿದ ಖುಷಿಯಲ್ಲಿ ನಾನೂ ಅದೇ ಬಸ್ಸು ಹತ್ತಿದ್ದೆ. ನನ್ನ ಮಾರ್ಗದರ್ಶಕಿ ಮೇಡಂ ಪ್ರತಿ ಮಾತನ್ನೂ ‘ಸೋ, ಬೇಸಿಕಲಿ’ ಎಂದು ಆರಂಭಿಸಿ ‘ಅಲ್ವಾ?’ ಎಂದು ಮುಗಿಸುತ್ತಿದ್ದರು. ಕ್ಯಾಂಟೀನಿನಲ್ಲಿ ಅವರಿಗಿಂತ ಚೆನ್ನಾಗಿ ನಾನು ಅವರಂತೆ ಮಾತಾಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ನನ್ನ ವಿಷಯ, ಮಹಾಕಾವ್ಯದ ಗಾತ್ರದ ಕನ್ನಡ ಫ್ಯಾಂಟಸಿ ಮತ್ತು ಅದರ ಮೇಲಿನ ಪ್ರಭಾವಗಳು. ಆರಿಸಿಕೊಂಡದ್ದು ಒಂದೇ ಕಾದಂಬರಿ: ಮೂರು ಸಂಪುಟ, ಎಲ್ಲೂ ಇಲ್ಲದ ಏಳು ರಾಜ್ಯಗಳು, ಮೊದಲ ಪುಟದಲ್ಲೇ ನಕ್ಷೆ. ಬರೆದವರು ಹಲಸೂರಿನ ಒಬ್ಬ ಪೇಂಟರು. ಅಂಗಡಿಗಳ ಬೋರ್ಡು ಬರೆಯುತ್ತಾರೆ, ಕೆ.ಆರ್. ಪುರದ ಆಚೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಪರದೆಗಳನ್ನೂ ಬರೆದುಕೊಡುತ್ತಾರೆ. ಪುಸ್ತಕವನ್ನು ಅವರೇ ಅಚ್ಚು ಹಾಕಿಸಿದ್ದರು, ಓದಿದವರು ಕಡಿಮೆ. ಮೇಡಂ ಓದಿ ಮೆಚ್ಚಿ, ಅದನ್ನು ಮುಂದಿನ ವರ್ಷ ಪಠ್ಯವಾಗಿಡಬೇಕೆಂದು ಹೊರಟಿದ್ದರು. ಅದಕ್ಕೆ ಆಧಾರವಾಗಿ ಪಠ್ಯ ಸಮಿತಿಯ ಮುಂದೆ ಹೋಗುವುದು ನನ್ನ ಕಿರುಪ್ರಬಂಧ. ಈ ಸುದ್ದಿ ಹೇಳಲು ಫೋನ್ ಮಾಡಿದಾಗ ಪೇಂಟರು ಕೇಳಿದ್ದು ಒಂದೇ ಮಾತು: “ಕಾಲೇಜ್ ಮಕ್ಳು ಓದ್ತಾರಾ, ತಂಬಿ?”

ನನ್ನ ಸಂಶೋಧನಾ ವಿಧಾನ ಸರಳವಾಗಿತ್ತು: ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಪರದೇಶದ ಫ್ಯಾಂಟಸಿ, ಬಲಕ್ಕೆ ಹಲಸೂರು. ಎಡಕ್ಕೆ ನಕ್ಷೆ, ಬಲಕ್ಕೂ ನಕ್ಷೆ. ಎಡಕ್ಕೆ ಬೆಂಕಿಯುಗುಳುವ ಹಾವು, ಬಲಕ್ಕೆ ಏಳು ಹೆಡೆಯದು. ಯುದ್ಧಕ್ಕೆ ಮೊದಲು ಅಲ್ಲೂ ಹಾಸ್ಯ, ಇಲ್ಲೂ ಹಾಸ್ಯ. ಕೆಳಗೆ ದಪ್ಪ ಅಕ್ಷರದಲ್ಲಿ ‘ಪ್ರಭಾವ’ ಎಂದು ಬರೆದು ಮೇಡಂ ಹತ್ತಿರ ತೆಗೆದುಕೊಂಡು ಹೋದೆ.

“ಸೋ, ಬೇಸಿಕಲಿ, ಇದು ಬರೀ ಹೋಲಿಕೆ. ನಿಮ್ಮ ಮೂಗೂ ನಮ್ಮ ವಾಚ್‌ಮನ್ ಮೂಗೂ ಒಂದೇ ಥರ ಇದೆ. ಅವ್ರು ನಿಮಗೆ ಸಂಬಂಧಿಕ್ರಾ? ಪ್ರಭಾವ ಅಂದ್ರೆ ಪುರಾವೆ ಬೇಕು. ಹೋಗಿ ಅವ್ರನ್ನೇ ಕೇಳ್ಕೊಂಡ್ ಬನ್ನಿ, ಅಲ್ವಾ?”

ಹೋದೆ. ಪೇಂಟರು ತಾರಸಿಯ ಮೇಲೆ ಕಾಡಿನ ಪರದೆ ಹಾಸಿಕೊಂಡು ಎಲೆ ಬರೆಯುತ್ತಿದ್ದರು. ಬರೆಯುತ್ತಲೇ ಎರಡು ಗಂಟೆ ಮಾತಾಡಿದರು. ಮುಖ್ಯವಾದ ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಿದ್ದರು, ಒಂದು ಗಿಡ್ಡ, ಒಂದು ಉದ್ದ. ಎರಡನೇ ಕಾಫಿ ಬರುವ ಹೊತ್ತಿಗೆ ಆ ಕೆಮ್ಮು ನನಗೆ ಸಿದ್ಧಿಸಿತ್ತು.

ಬಸ್ಸಿನಲ್ಲಿ ಫೋನ್ ತೆಗೆದು ನೋಡಿದರೆ ಜಾಗ ತುಂಬಿ ರೆಕಾರ್ಡಿಂಗ್ ಅರ್ಧ ನಿಮಿಷಕ್ಕೇ ನಿಂತಿತ್ತು. ಸರಿ, ನೆನಪಿನಿಂದ ಬರೆಯೋಣ ಎಂದುಕೊಂಡೆ. ಆಗ ತಿಳಿದದ್ದು ಇನ್ನೂ ಕೆಟ್ಟ ಸಂಗತಿ: ಎರಡು ಗಂಟೆ ನಾನು ದನಿಯನ್ನಷ್ಟೇ ಕೇಳಿಸಿಕೊಂಡಿದ್ದೆ. ಆ ದನಿ ಏನು ಹೇಳಿತೆಂಬುದು ಒಂದಕ್ಷರವೂ ತಲೆಯಲ್ಲಿರಲಿಲ್ಲ.

ಮತ್ತೆ ಹೋಗಿ ಕೇಳಲು ನಾಚಿಕೆ. ಕಮ್ಮನಹಳ್ಳಿಯ ರೂಮಿನಲ್ಲಿ ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು, ನನ್ನ ದನಿಯಲ್ಲಿ ಪ್ರಶ್ನೆ ಕೇಳಿ ಅವರ ದನಿಯಲ್ಲಿ ಉತ್ತರ ಕೊಟ್ಟೆ. ಮೊದಲು ಎರಡು ಕೆಮ್ಮು, ಆಮೇಲೆ, “ಶಿವಾಜಿನಗರದಲ್ಲಿ ಹಳೇ ಇಂಗ್ಲಿಷ್ ಪುಸ್ತಕ ಸಿಕ್ತಿತ್ತು ತಂಬಿ. ಓದ್ದೆ. ನಕ್ಷೆ, ಹಾವು ಎಲ್ಲಾ ಅಲ್ಲಿಂದ್ಲೇ.” ಎರಡೂ ಕಾಲಮ್ಮುಗಳು ಅಚ್ಚುಕಟ್ಟಾಗಿ ಕೂಡಿಕೊಂಡವು. ಹೊರಗಿನಿಂದ ರೂಮ್‌ಮೇಟ್ ಬಾಗಿಲು ತಟ್ಟಿ, “ಮಗಾ, ಒಳಗ್ಯಾರೋ ತಾತನ್ನ ಕೂರಿಸ್ಕೊಂಡಿದ್ಯಾ?” ಎಂದ. ಅದನ್ನು ಪ್ರಶಸ್ತಿಪತ್ರವೆಂದೇ ಸ್ವೀಕರಿಸಿದೆ.

ಸಮಿತಿಯ ದಿನ ಮೇಡಂ ನನಗೆ ಹೇಳದೆ ಪೇಂಟರನ್ನೂ ಕರೆಸಿದ್ದರು. ಇಸ್ತ್ರಿಯ ಬಿಳಿ ಅಂಗಿ, ಉಗುರಿನಲ್ಲಿ ಹಸಿರು ಬಣ್ಣ, ತೊಡೆಯ ಮೇಲೆ ಮೂರು ಸಂಪುಟ.

“ಆಡಿಯೋ ಬೇಡ ಮೇಡಂ, ಬರಹದಲ್ಲೇ ಎಲ್ಲಾ ಇದೆ,” ಎಂದೆ.

“ಅವ್ರ ದನೀಲೇ ಕೇಳೋಣ, ಅಲ್ವಾ?” ಎಂದು ಅವರೇ ಪ್ಲೇ ಒತ್ತಿದರು.

ಕೇಳಿ ಮುಗಿದದ್ದೇ ಸಮಿತಿಯ ಹಿರಿಯ ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. “ಇವ್ರೇ ಒಪ್ಕೊಂಡಿದಾರಲ್ರೀ. ಇಂಗ್ಲಿಷ್ ನೋಡಿ ಮಾಡಿದ್ದು. ನಮ್ಮ ಹುಡುಗ್ರಿಗೆ ನಕಲು ಯಾಕೆ ಓದಿಸ್ಬೇಕು?”

ಪೇಂಟರು ತಲೆ ಎತ್ತಿದರು. “ದನಿ ನಂದೇ ಸಾರ್. ಕೆಮ್ಮೂ ನಂದೇ. ಆದ್ರೆ ಇಂಗ್ಲಿಷ್ ಓದಕ್ಕೆ ನಂಗೆ ಬರಲ್ಲ.”

“ಇಂಗ್ಲಿಷ್ ಬೋರ್ಡ್ ಬರೀತೀರಂತೆ?”

“ಬರೀತೀನಿ. ಕೊಟ್ಟ ಚೀಟೀಲಿ ಇದ್ದಂಗೆ ಎಳೀತೀನಿ. ಓದೋದು ಗಿರಾಕಿ ಕೆಲ್ಸ.”

ಮೇಡಂ ನನ್ನತ್ತ ತಿರುಗಿದರು. ನಾನು ಇದ್ದದ್ದನ್ನು ಇದ್ದಂತೆ ಒಪ್ಪಿಕೊಂಡೆ, ಈ ಸಲ ಸ್ವಂತ ದನಿಯಲ್ಲಿ. ಅದು ಅಷ್ಟು ತೆಳ್ಳಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಪೇಂಟರು ತಾರಸಿಯ ಮೇಲೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು; ಈಗ ನನಗೆ ಮಾತೂ ಕೇಳಿಸಿತು. “ನಾಟಕದಲ್ಲಿ ರಸ್ತೆ ಪರದೆ ಮುಂದೆ ಹಾಸ್ಯ ನಡೀತಿರತ್ತೆ. ಹಿಂದ್ಗಡೆ ದರ್ಬಾರ್ ಜೋಡಿಸ್ತಿರ್ತಾರೆ. ನನ್ ಪುಸ್ತಕದಲ್ಲೂ ಅಷ್ಟೇ. ಹಿಂದೆ ಸೈನ್ಯ ರೆಡಿ ಆಗೋಗಂಟ ಮುಂದೆ ಯಾರಾದ್ರೂ ನಗಿಸ್ಬೇಕಲ್ಲ?” ನಕ್ಷೆಯೂ ಹಾಗೆಯೇ. ರಸ್ತೆ, ಕಾಡು, ದರ್ಬಾರು, ಸ್ಮಶಾನ, ಯಾವುದರ ಹಿಂದೆ ಯಾವುದು ಇಳಿಯಬೇಕೆಂದು ಪರದೆ ಎಳೆಯುವವರಿಗೆ ಅವರು ಬರೆದುಕೊಡುತ್ತಿದ್ದ ಚೀಟಿಯೇ ದೊಡ್ಡದಾಗಿ ಏಳು ರಾಜ್ಯವಾಗಿತ್ತು.

ಮೊದಲ ಸಂಪುಟ ಈಗ ಪಠ್ಯದಲ್ಲಿದೆ. ನಾನು ಕಿರುಪ್ರಬಂಧವನ್ನು ಮೊದಲಿನಿಂದ ಬರೆದು ಆರು ತಿಂಗಳು ತಡವಾಗಿ ಪಾಸಾದೆ. ಆದರೆ ಆ ದಿನ ಹಿರಿಯ ಮೇಷ್ಟ್ರು ಅಷ್ಟು ಸುಲಭಕ್ಕೆ ಬಿಟ್ಟಿರಲಿಲ್ಲ. “ಅದೆಲ್ಲಾ ಸರಿ ಕಣ್ರೀ. ವಿಷಯ ಪ್ರಭಾವ ಅಂತ ಇದೆ. ಯಾರ್ದು, ಯಾರ್ ಮೇಲೆ ಅಂತ ನಾನೀಗ ವರದೀಲಿ ಏನಾದ್ರೂ ಬರೀಬೇಕಲ್ಲ?” ಎಂದರು.

ಪೇಂಟರು ಎರಡು ಸಲ ಕೆಮ್ಮಿದರು, ಒಂದು ಗಿಡ್ಡ, ಒಂದು ಉದ್ದ. ಆಮೇಲೆ ಹಸಿರು ಉಗುರನ್ನು ನನ್ನತ್ತ ತೋರಿಸಿದರು.

“ಬರ್ಕೊಳ್ಳಿ ಸಾರ್. ನಂದು, ಈ ತಂಬಿ ಮೇಲೆ. ಪುರಾವೆ ಈಗ ತಾನೇ ಕೇಳಿದ್ರಲ್ಲ.”