ತುಕ್ಕಾನಟ್ಟಿಯ ಕಂಬಳಿ ತೊಲೆ

2022ರಲ್ಲಿ ನಾನು ಗೋಕಾಕದ ಮನೆಯಲ್ಲಿ ಹೊಸದಾಗಿ ನಿವೃತ್ತನಾಗಿ ಕುಳಿತಿದ್ದೆ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಕಾರ್ಖಾನೆಯೊಂದರ ಡಿಸೈನ್ ವಿಭಾಗದಲ್ಲಿ ಕಾಂಪೋಸಿಟ್ ಭಾಗಗಳ ನಕ್ಷೆ ತೆಗೆದವನು. ಕಾಂಪೋಸಿಟ್ ಎಂದರೆ ದೊಡ್ಡ ಗುಟ್ಟೇನಲ್ಲ. ಗಾಜಿನ ನೂಲಿನ ಬಟ್ಟೆಗೆ ರೆಸಿನ್ ಎಂಬ ಅಂಟು ಕುಡಿಸಿ ಒಣಗಿಸಿದರೆ ಎರಡೂ ಸೇರಿ ಒಂದೇ ಗಟ್ಟಿ ವಸ್ತುವಾಗುತ್ತದೆ, ಅಷ್ಟೇ. ನಿವೃತ್ತಿ ನನಗೆ ಹಿಡಿಸಿರಲಿಲ್ಲ. ಅಡುಗೆಮನೆಯ ಕಪಾಟುಗಳನ್ನು ಎರಡೆರಡು ಸಲ ಬಿಚ್ಚಿ ಜೋಡಿಸಿದ್ದರಿಂದ ಮನೆಯವರಿಗಂತೂ ಸಾಕುಸಾಕಾಗಿತ್ತು. ಹಾಗಾಗಿ ತುಕ್ಕಾನಟ್ಟಿಯಿಂದ ಸಿದ್ದಪ್ಪ ಎಂಬವರು ಯಾರಿಂದಲೋ ನನ್ನ ನಂಬರ್ ಪಡೆದು ಫೋನ್ ಮಾಡಿ, "ಮಷಿನ್ ನಡಗಾಕತ್ತೈತ್ರಿ, ಒಮ್ಮಿ ಬಂದು ನೋಡ್ರಿ" ಎಂದಾಗ ಊಟಕ್ಕೂ ಕಾಯದೆ ಹೊರಟೆ.

ಸಿದ್ದಪ್ಪನವರದು ಕುರಿ ಸಾಕುವ ಮನೆತನ. ಅಣ್ಣ ಕುರಿ ನೋಡಿಕೊಂಡರೆ ಇವರು ಬಾಗಿಲು ಕೆತ್ತುವುದರಲ್ಲಿ ಹೆಸರು ಮಾಡಿದ್ದರು. ಹಿಂದಿನ ವರ್ಷ ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಆದರೆ ಉಳಿ ಹಿಡಿದು ದಿನವಿಡೀ ಕೆತ್ತುವ ಶಕ್ತಿ ಮರಳಲಿಲ್ಲ. ಅದಕ್ಕೇ ಅವರು ಸಿಎನ್‌ಸಿ ಯಂತ್ರವನ್ನು, ಅಂದರೆ ಕಂಪ್ಯೂಟರ್ ತೋರಿಸಿದ ಗೆರೆಯ ಮೇಲೆ ತಾನೇ ಓಡಿ ಕೊರೆಯುವ ಯಂತ್ರವನ್ನು, ಮನೆಯಲ್ಲೇ ಕಟ್ಟಿದ್ದರು. ಕಂಪ್ಯೂಟರ್ ನಡೆಸುವವರು ಹೆಂಡತಿ ಯಲ್ಲವ್ವ. ಯಮಕನಮರಡಿಯ ಗಿರಾಕಿಯೊಬ್ಬರು ಹೊಸ ಮನೆಯ ಬಾಗಿಲಿಗೆ ಕಮಲದ ಕೆತ್ತನೆ ಕೇಳಿದ್ದರು. ಭಾನುವಾರ ಬಂದು ಮಾದರಿ ನೋಡುವವರಿದ್ದರು. ಅದು ಕೆಟ್ಟರೆ ಉಳಿಗಳನ್ನು ಕಟ್ಟಿಟ್ಟು ಅಣ್ಣನ ಜೊತೆ ಕುರಿಗಳ ಹಿಂದೆ ಹೋಗುವುದೆಂದು ಸಿದ್ದಪ್ಪ ಆಗಲೇ ತೀರ್ಮಾನಿಸಿದ್ದರು. ನಾನು ಹೋದದ್ದು ಸೋಮವಾರ.

ಯಂತ್ರ ಚಾಲೂ ಮಾಡಿದರು. ಕಮಲದ ಎಸಳಿನ ಅಂಚು ಗರಗಸದ ಹಲ್ಲಿನ ಹಾಗೆ ಬಂತು. ಕೊರೆಯುವ ಮೋಟಾರನ್ನು ಹೊತ್ತ ಅಡ್ಡತೊಲೆಯೇ ನಡುಗುತ್ತಿತ್ತು. ಮುಟ್ಟಿ ನೋಡಿದೆ. ಕಪ್ಪಗೆ, ಒರಟೊರಟು.

"ಇದಕ್ಕೇನ್ ಹಾಕೀರಿ?"

"ಕಂಬಳಿ ರೀ. ಬಟ್ಟಿಗಿ ರೆಸಿನ್ ಹಚ್ಚಿ ಪದರ ಪದರ ಕೂಡಸ್ರಿ ಅಂತ ಮೊಬೈಲ್ ವಿಡಿಯೋದಾಗ ಹೇಳಿದ್ರು. ನಮ್ಮ ಮನ್ಯಾಗ ಕಂಬಳಿಗಿಂತ ಗಟ್ಟಿ ಬಟ್ಟಿ ಯಾವದೈತಿ?" ಎಂದರು ಸಿದ್ದಪ್ಪ.

ನಾನು ನಕ್ಕುಬಿಟ್ಟೆ. ಹಾಗೆ ನಗಬಾರದಿತ್ತು. ಯಲ್ಲವ್ವ ಸೆರಗು ಸರಿಮಾಡಿಕೊಂಡು ಎದುರೇ ನಿಂತರು.

"ನಗಬ್ಯಾಡ್ರಿ ಸರ್. ಆ ಉಣ್ಣಿ ನೂತಾಕಿ ನಾನು. ತೊಲಿ ಮ್ಯಾಲ ನಾವಿಬ್ಬರೂ ಕುಂತೇವಿ, ಮುರದಿಲ್ಲ. ನಿಮ್ಮ ಫ್ಯಾಕ್ಟರಿ ಮಾಲಿನ ಮ್ಯಾಲ ನೀವು ಕುಂತಿದ್ರೇನು?"

ಕುಂತಿರಲಿಲ್ಲ. ನಾಚಿಕೆಯಾಯಿತು. ಕ್ಷಮೆ ಕೇಳಿ, ತೊಲೆಯನ್ನು ಬಿಚ್ಚಿಸಿ ನಾಲ್ಕು ಅಡಿ ಅಂತರದ ಎರಡು ಕಲ್ಲುಗಳ ಮೇಲಿಟ್ಟೆ. ನಡುವೆ ಹತ್ತು ಕಿಲೋ ತೂಗುಹಾಕಿ, ಕೆಳಗೆ ಕೂದಲೆಳೆಯಷ್ಟು ಬಾಗನ್ನೂ ಅಳೆಯುವ ಡಯಲ್ ಗೇಜ್ ಹಿಡಿದೆ. ತೊಲೆ ಸುಮಾರು ಏಳು ಮಿಲಿಮೀಟರ್ ಕೆಳಗಿಳಿಯಿತು.

"ಯಲ್ಲವ್ವಾರ ಹೇಳಿದ್ದು ಖರೆ. ಇದು ಮುರಿಯೂದಿಲ್ಲ. ಆದರ ಬಾಗತೈತಿ" ಎಂದೆ. ಮುರಿಯದಿರುವುದು ಬಲ, ಬಾಗದಿರುವುದು ಬಿಗಿತ. ಕೆತ್ತನೆಯ ಯಂತ್ರದ ಮೇಲೆ ಯಾರೂ ಕೂರುವುದಿಲ್ಲ. ಅದಕ್ಕೆ ಬಿಗಿತವೇ ಮುಖ್ಯ, ಮತ್ತು ಉಣ್ಣೆಯ ಎಳೆ ಎಳೆದರೆ ಹಿಗ್ಗುವ ಜಾತಿಯದು.

ಸಿದ್ದಪ್ಪ ಇನ್ನೂ ನಾಲ್ಕು ಪದರ ಕಂಬಳಿಗೆ ತಯಾರಾಗಿದ್ದರು. ನಾನು ಮರದ ಫೂಟ್‌ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಮೊದಲು ಅಡ್ಡ ಹಿಡಿದು, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಾಗಿಸಲು ಹೇಳಿದೆ. ಅಡ್ಡ ಹಿಡಿದಾಗ ಬಾಗಿತು, ನಿಲ್ಲಿಸಿದಾಗ ಬಾಗಲಿಲ್ಲ. ಅವರು ಎರಡು ಮೂರು ಸಲ ಮಾಡಿ ನೋಡಿ, "ಎತ್ತರ ಬೇಕಾಗಿತ್ತು, ನಾವು ದಪ್ಪ ಮಾಡಕೋಂತ ಕುಂತೇವಿ" ಎಂದರು.

ಬುಧವಾರ ಗೋಕಾಕದಿಂದ ಗಾಜಿನ ಬಟ್ಟೆ ಒಯ್ದೆ. ಪ್ಲೈವುಡ್‌ನಿಂದ 150 ಮಿಲಿಮೀಟರ್ ಎತ್ತರದ, ಒಳಗೆ ಟೊಳ್ಳಾದ ಪೆಟ್ಟಿಗೆ ತೊಲೆ ಮಾಡಿ, ಅದರ ತಲೆಗೂ ತಳಕ್ಕೂ ಮಾತ್ರ ಮೂರು ಮಿಲಿಮೀಟರ್ ದಪ್ಪಕ್ಕೆ ರೆಸಿನ್ ಕುಡಿಸಿದ ಗಾಜಿನ ಬಟ್ಟೆ ಕೂಡಿಸಿದೆವು. ಎಳೆಗಳೆಲ್ಲ ತೊಲೆಯ ಉದ್ದಕ್ಕೆ. ಬಾಗುವಾಗ ಎಳೆತ, ಒತ್ತಡ ಹೆಚ್ಚಾಗಿ ಬೀಳುವುದು ಆ ಎರಡು ಮೈಗಳ ಮೇಲೆಯೇ. ಎರಡು ದಿನ ಒಣಗಿಸಿ ಶನಿವಾರ ಅದೇ ಹತ್ತು ಕಿಲೋ ತೂಗಿದೆವು. ಡಯಲ್ ಗೇಜಿನ ಮುಳ್ಳು ಒಂದು ಮಿಲಿಮೀಟರಿನ ಹತ್ತನೆಯ ಪಾಲನ್ನೂ ದಾಟಲಿಲ್ಲ. ಯಲ್ಲವ್ವ ಗೇಜ್ ಕೆಟ್ಟಿದೆಯೆಂದು ಬೆರಳಿನಿಂದ ತಟ್ಟಿ ನೋಡಿದರು.

ತೊಲೆಯನ್ನು ಯಂತ್ರಕ್ಕೆ ಕೂಡಿಸಿ ಚಾಲೂ ಮಾಡಿದೆವು, ಸಂಜೆಗೆ ಕಮಲ ಮುಗಿಯಿತು. ಅಂಚು ನುಣುಪಾಗಿತ್ತು. ನಾನು ಖುಷಿಯಿಂದ ಚಹಾ ಕೇಳುವಷ್ಟರಲ್ಲಿ ಸಿದ್ದಪ್ಪ ಯಂತ್ರ ಬಂದ್ ಮಾಡಿ ಉಳಿ ಕೈಗೆತ್ತಿಕೊಂಡರು. ಒಂದು ಎಸಳಿಗೆ ನಿಧಾನವಾಗಿ, ನಡುನಡುವೆ ಕೈ ಕೊಡವಿಕೊಳ್ಳುತ್ತ, ಸಣ್ಣ ಗೆರೆಗಳನ್ನು ಹಾಕಿದರು. ಚೆನ್ನಾಗಿ ಬಂದದ್ದನ್ನು ಕೆಡಿಸುತ್ತಿದ್ದಾರೆ ಎಂದು ನನಗೆ ಸಿಟ್ಟೇ ಬಂತು.

ಭಾನುವಾರ ಗಿರಾಕಿ ಬಂದರು. ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ, ಆ ಒಂದೇ ಎಸಳಿನ ಮೇಲೆ ಬೆರಳಿಟ್ಟರು.

"ಇಂಥಾ ಗೆರಿ ಎಲ್ಲಾ ಎಸಳಿಗೂ ಬೇಕ ನೋಡ್ರಿ."

"ಮಷಿನ್ ತನ್ನ ಕೆಲಸ ಮಾಡತೈತ್ರಿ. ಗೆರಿ ನಾನ ಹಾಕತೇನಿ" ಎಂದರು ಸಿದ್ದಪ್ಪ. ಯಲ್ಲವ್ವ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರ ಕೈಗೆ ಬಿಡುವು ಕೊಡುವ ಯಂತ್ರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರಿಗೆ ಬೇಕಾದದ್ದು ಬಿಡುವಲ್ಲ. ಭಾರದ ಕೊರೆತ ಯಂತ್ರಕ್ಕೆ ಹೋದರೆ, ಕೈಯಲ್ಲಿ ಉಳಿದಿರುವ ಬಲವೆಲ್ಲ ಗೆರೆಗೆ ಉಳಿಯುತ್ತದೆ ಎಂಬ ಲೆಕ್ಕ ಅವರದು. ಮೂವತ್ತೊಂದು ವರ್ಷ ನಾನು ಪ್ರತಿ ಭಾಗಕ್ಕೂ ಎಷ್ಟು ಭಾರ, ಎಷ್ಟು ಬಾಗು ಎಂದು ಕೇಳುತ್ತ ಬಂದೆ. ಈಗ ಯಾರಾದರೂ ಯಂತ್ರ ಕಟ್ಟಲು ಸಹಾಯ ಕೇಳಿ ಬಂದರೆ, ಅಳತೆಪಟ್ಟಿ ತೆಗೆಯುವ ಮೊದಲು, ನಿಮ್ಮ ಕೈಗೆ ಯಾವ ಕೆಲಸ ಉಳಿಸಬೇಕು ಎಂದು ಕೇಳುತ್ತೇನೆ.