ಗುಳಿಗೆ ನುಂಗದ ಬೆಳಗು

ನಡುಕದ ಕಾಯಿಲೆಯವರನ್ನು ನಾನು ಅಧ್ಯಯನ ಮಾಡುವ ರೀತಿ ಸ್ವಲ್ಪ ಕ್ರೂರವೇ. ತಪಾಸಣೆಯ ದಿನ ಅವರು ಬೆಳಗಿನ ಗುಳಿಗೆ ನುಂಗದೆ ಬರಬೇಕು. ಮೆದುಳಿನ ಸವೆತ ಎಷ್ಟೆಂಬುದು ಔಷಧದ ಮರೆ ಸರಿದರೆ ಮಾತ್ರ ಕಾಣುತ್ತದೆ. ಕುರ್ಚಿಯಿಂದ ಏಳಿಸಿ, ನಡೆಸಿ, ತಿರುಗಿಸಿ ವಿಡಿಯೊ ಮಾಡಿಕೊಳ್ಳುತ್ತೇನೆ. ಆಮೇಲೆ ಗುಳಿಗೆ ಕೊಟ್ಟು ಮತ್ತೆ ನಡೆಸುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಹಳ್ಳಿಗಳಲ್ಲಿ ನಾನು ವರ್ಷಗಟ್ಟಲೆ ಮಾಡಿದ ಸಂಶೋಧನೆ ಇದು. ಹೆಸರು ದೊಡ್ಡದು, ಕೆಲಸ ಮಾತ್ರ ಮುದುಕರ ನಡಿಗೆ ನೋಡುವುದು.

ಮಸಗುಪ್ಪಿಯ ಕುರಿಗಾರ ಅಜ್ಜನೊಬ್ಬ ಗೋಕಾಕದ ನನ್ನ ಶಿಬಿರಕ್ಕೆ ಬರುತ್ತಿದ್ದ. ಎರಡು ವರ್ಷ, ಆರು ತಿಂಗಳಿಗೊಮ್ಮೆ, ಗುಳಿಗೆ ಇಲ್ಲದೆ ಬಂದರೂ ಹಿಂಡಿನ ಹಿಂದೆ ಹೊರಟವನಂತೆ ಸರಸರ ನಡೆದು ತೋರಿಸುತ್ತಿದ್ದ. ಬರಬರುತ್ತ ಕುಗ್ಗಬೇಕಾದ ರೋಗಿ ಇದ್ದಂತೆಯೇ ಇದ್ದಾನೆ ಎಂದರೆ ಯಾವ ಸಂಶೋಧಕಿಗೆ ಆಸೆ ಹುಟ್ಟುವುದಿಲ್ಲ? ನಾನಂತೂ ಅಜ್ಜನ ಬಗ್ಗೆ ಪ್ರಬಂಧ ಬರೆಯಲು ಕೂತೇಬಿಟ್ಟೆ.

ಕಳೆದ ಸಲ ದಾರಿಯಲ್ಲಿ ಬಸ್ಸು ಕೆಟ್ಟು ಅಜ್ಜನೂ ಜೊತೆಗೆ ಬರುವ ಅವನ ಹೆಂಡತಿಯೂ ತಡವಾಗಿ ಬಂದರು. ಅಜ್ಜ ಬಾಗಿಲಲ್ಲೇ ಕಾಲು ಅಂಟಿದವನಂತೆ ನಿಂತುಬಿಟ್ಟ. ಹೆಂಡತಿ ಗಡಬಡಿಸಿ ಸೆರಗಿನ ಗಂಟು ಬಿಚ್ಚಿ, ಗುಳಿಗೆ ತೆಗೆದು ಅವನ ಬಾಯಿಗೆ ಹಾಕುವುದನ್ನು ಕಣ್ಣಾರೆ ಕಂಡೆ.

"ಏನ ಮಾಡಾಕತ್ತಿ ಆಯಿ? ಗುಳಿಗಿ ಕೊಡಬ್ಯಾಡ ಅಂತ ಹೇಳಿದ್ದಿಲ್ಲೇನ?"

"ಹೇಳಿದ್ರಿ ಡಾಕ್ಟರ್ ಬಾಯಾರ. ದರಾ ಸಲ ಬಸ್ ಹತ್ತೂ ಮುಂದ ನುಂಗಸ್ತಿದ್ನಿ. ಇವತ್ತ ಹೊತ್ತಾತು, ಅದರ ಗುಣ ಇಳದ ಹೋತು. ಇಷ್ಟ ಮಂದಿ ಮುಂದ ಇವ್ರನ್ನ ನಡಗಕೋಂತ ನಿಲ್ಲಸ್ಲೇನ್ರಿ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎರಡು ವರ್ಷದ ಕೆಲಸ ಮಣ್ಣುಪಾಲಾಯಿತು ಎಂದು ಕೂಗಾಡಿದೆ. ಆಕೆ ತಲೆ ತಗ್ಗಿಸಲಿಲ್ಲ.

"ಬೈರಿ, ಬೈಸ್ಕೋತೇನಿ. ನೋಡಾವ್ರ ಮುಂದ ನೆಟ್ಟಗ ಕಾಣಬೇಕಂತ ಯಾರಿಗಿ ಇರೂದಿಲ್ರಿ?"

ಅಜ್ಜನ ದಾಖಲೆಯನ್ನು ಅಧ್ಯಯನದಿಂದ ತೆಗೆದುಹಾಕಿದೆ. ಆದರೆ ಆಕೆಯ ಮಾತು ಎದೆಯಲ್ಲಿ ಕೂತುಬಿಟ್ಟಿತು. ಸಂಜೆ ಬೆಳಗಾವಿಯ ಮನೆಗೆ ಹೋಗದೆ ಕಾರನ್ನು ಹುಕ್ಕೇರಿಗೆ ತಿರುಗಿಸಿದೆ.

ಹುಕ್ಕೇರಿಯಲ್ಲಿ ಅಣ್ಣನ ಮನೆ. ಅವ್ವ ಅಲ್ಲೇ ಇದ್ದಳು, ಹೋದ ವರ್ಷ ತೀರಿಕೊಂಡಳು. ಅವಳಿಗೂ ಇದೇ ಕಾಯಿಲೆ, ಅವಳ ಡಾಕ್ಟರೂ ನಾನೇ. ಪ್ರತಿ ರವಿವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ತಟತಟ ಸದ್ದು ಪಡಸಾಲೆಗೇ ಕೇಳುತ್ತಿತ್ತು. ಕೊಟ್ಟ ಔಷಧ ಸಾಕಷ್ಟಾಗಿದೆ, ಹೆಚ್ಚಿಸುವುದು ಬೇಡ ಎಂದುಕೊಂಡು ನಾನು ಬೀಗುತ್ತ ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಊರವರನ್ನೆಲ್ಲ ಗುಳಿಗೆ ಇಲ್ಲದೆ ನಡೆಸಿ ನೋಡಿದವಳು ಅವ್ವನನ್ನು ಒಮ್ಮೆಯೂ ಹಾಗೆ ನೋಡಲಿಲ್ಲ.

ಅಣ್ಣನ ಹೆಂಡತಿ, ನಮ್ಮ ವೈನಿ, ಅಡುಗೆಮನೆಯಲ್ಲಿದ್ದರು. ಚಹಾ ಇಡಲು ಹೋದವರನ್ನು ತಡೆದು ಕೇಳಿದೆ.

"ಖರೆ ಹೇಳ್ರಿ ವೈನಿ, ನಾ ಇಲ್ಲದಾಗ ಅವ್ವ ಹೆಂಗಿರ್ತಿದ್ಳು?"

ವೈನಿ ಚಹಾದ ಪಾತ್ರೆ ಕೆಳಗಿಟ್ಟರು.

"ಹೇಳಬ್ಯಾಡಂತ ಆಣಿ ಹಾಕಿದ್ರು ರಿ. ಶನಿವಾರದ ಗುಳಿಗಿ ನುಂಗದ ಉಳಸ್ತಿದ್ರು. ರವಿವಾರ ಮುಂಜಾನೆ ಎಲ್ಲಾ ಕೂಡಿಸಿ ನುಂಗಿ, ನೀವ ಬರೂ ಹೊತ್ತಿಗಿ ಒಲಿ ಮುಂದ ಕುಂದರ್ತಿದ್ರು. ಶನಿವಾರ ಮಗ್ಗಲಾ ಹೊಳ್ಳಾಕೂ ಆಗ್ತಿರ್ಲಿಲ್ಲ, ನಾವ ಹೊಳ್ಳಸ್ಬೇಕಿತ್ತು. ನಿಮಗ ಫೋನ್ ಮಾಡ್ತೇನಿ ಅಂದ್ರ ಬಿಡ್ತಿರ್ಲಿಲ್ಲ. ಅಕಿ ವಾರ ಪೂರ್ತಿ ಪೇಶಂಟರನ್ನ ನೋಡ್ತಾಳ, ಒಂದ ದಿನರ ಅವ್ವನ್ನ ನೋಡ್ಲಿ ಅಂತಿದ್ರು."

ಎರಡು ಗುಳಿಗೆ ಹೆಚ್ಚು ಬರೆದಿದ್ದರೆ ಸಾಕಿತ್ತು. ಅಷ್ಟೂ ತಿಳಿಯದ ಡಾಕ್ಟರಿಗೆ ಅವ್ವ ಬಿಸಿ ರೊಟ್ಟಿ ಹಾಕಿದಳು. ವೈನಿಯ ಎದುರೇ ಬಿಕ್ಕಿ ಬಿಕ್ಕಿ ಅತ್ತೆ.

ಅವ್ವ ಬೇಕು ನನಗೆ. ಆ ರವಿವಾರಗಳನ್ನೆಲ್ಲ ಕೊಟ್ಟುಬಿಟ್ಟೇನು, ಒಂದೇ ಒಂದು ಶನಿವಾರ ಸಿಕ್ಕರೆ. ಅವಳು ಮಂಚದ ಮೇಲೆ ಕಟ್ಟಿಗೆಯಾಗಿ ಬಿದ್ದಿರಲಿ, ಮಾತು ತೊದಲಲಿ, ನನ್ನನ್ನು ಕಂಡು ನಾಚಿಕೊಳ್ಳಲಿ. ಬೆನ್ನ ಕೆಳಗೆ ಕೈ ಹಾಕಿ ಮೆಲ್ಲಗೆ ಮಗ್ಗಲು ಹೊರಳಿಸುತ್ತೇನೆ.